ಜ್ವರ ಕಂಪ್ಯೂಟರಿಗೆ, ಬರೆ ಪೆನ್‌ಡ್ರೈವಿಗೆ

ಪ್ರಶ್ನೆ: ನನ್ನ ಬಳಿ 32 ಜಿಬಿಯ ಒಂದು ಪೆನ್‌ಡ್ರೈವ್ ಇದೆ. ಎರಡು ತಿಂಗಳ ಹಿಂದೆ ಹೊರಗೆ ಪ್ರಿಂಟ್ ತೆಗೆಸಲು ಒಯ್ದಿದ್ದೆ. ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದರೆ ಎಲ್ಲ ಫೋಲ್ಡರುಗಳ ಮೂಲೆಯಲ್ಲೂ ಸಣ್ಣ ಬಾಣದ ಗುರುತು. ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರ್ ತೆರೆಯುತ್ತಿತ್ತು, ಹಾಗಾಗಿ ಒಂದು ವಾರ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ತೆರೆಯುವುದೂ ನಿಂತುಹೋಯಿತು. ಫೈಲುಗಳೆಲ್ಲ ಹೋದವೆಂದುಕೊಂಡು ಫಾರ್ಮ್ಯಾಟ್ ಮಾಡಿದೆ. ಮರುದಿನವೇ ಮತ್ತೆ ಬಾಣ. ಹೀಗೆ ಮೂರು ಸಲ ಆಯಿತು. ಬೇಸತ್ತು ಹೊಸ ಪೆನ್‌ಡ್ರೈವ್ ತಂದು ನನ್ನ ಲ್ಯಾಪ್‌ಟಾಪಿಗೆ ಮಾತ್ರ ಹಾಕಿದೆ, ಅದಕ್ಕೂ ಅದೇ ಗತಿ. ಆಂಟಿವೈರಸ್ ಇದೆ, ಅವಧಿ ಮುಗಿದಿದೆ ಎಂದು ಆಗಾಗ ತೋರಿಸುತ್ತದೆ. ಪೆನ್‌ಡ್ರೈವ್ ಹಾಕಿದ ಮಾತ್ರಕ್ಕೆ ವೈರಸ್ ಬರುತ್ತದೆಯೇ? ಫಾರ್ಮ್ಯಾಟ್ ಮಾಡಿದರೂ ಸಾಯದ ವೈರಸ್ ಇದೆಯೇ? ಮೊದಲ ಸಲ ಹೋದ ಫೋಟೋಗಳು ಸಿಗಬಹುದೇ? ಇದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುತ್ತೇನೆ, ಭಯವಾಗುತ್ತಿದೆ. ಪೆನ್‌ಡ್ರೈವುಗಳನ್ನು ಎಸೆದುಬಿಡಲೇ? ಟಿವಿಗೆ ಹಾಕಿದರೆ ಟಿವಿಯೂ ಕೆಡುತ್ತದೆಯೇ?

ಉತ್ತರ: ನಿಮ್ಮ ಪತ್ರದ ನಡುವೆ ಒಂದು ಸಾಲಿದೆ. ಅದನ್ನು ಬರೆದು ನೀವು ಮುಂದೆ ಹೋಗಿಬಿಟ್ಟಿದ್ದೀರಿ, ನಾನು ಅಲ್ಲೇ ನಿಂತೆ. ಹೊಸ ಪೆನ್‌ಡ್ರೈವ್ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಹೋಗಿಲ್ಲ, ಆದರೂ ಅದಕ್ಕೆ ಬಾಣ ಮೂಡಿದೆ. ಅಂದರೆ ರೋಗ ಇರುವುದು ಲ್ಯಾಪ್‌ಟಾಪಿನಲ್ಲಿ. ಎರಡು ತಿಂಗಳಿಂದ ನೀವು ಮಾಡುತ್ತಿರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ. ಬೇಸರ ಮಾಡಿಕೊಳ್ಳಬೇಡಿ. ನನ್ನ ಬಳಿ ಈ ತೊಂದರೆ ಹೊತ್ತು ಬರುವವರಲ್ಲಿ ಹೆಚ್ಚಿನವರು ಪೆನ್‌ಡ್ರೈವನ್ನು ಕೈಯಲ್ಲಿ ಹಿಡಿದು ಬರುತ್ತಾರೆ, ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು.

ಮೊದಲು ಆ ಬಾಣದ ಗುರುತಿನ ಫೋಲ್ಡರ್ ಎಂದರೇನು ನೋಡೋಣ. ಅದು ಫೋಲ್ಡರೇ ಅಲ್ಲ, ಶಾರ್ಟ್‌ಕಟ್, ಅಂದರೆ ಬೇರೆಲ್ಲೋ ಇರುವುದನ್ನು ತೆರೆಯುವ ಕೊಂಡಿ. ಅದರ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಟಾರ್ಗೆಟ್ ಎಂಬ ಚೌಕ ಕಾಣುತ್ತದೆ. (ಬಲ ಕ್ಲಿಕ್ ಮಾತ್ರ, ಡಬಲ್ ಕ್ಲಿಕ್ ಬೇಡ.) ಸಾಚಾ ಶಾರ್ಟ್‌ಕಟ್ ಆದರೆ ಅಲ್ಲಿ ಒಂದು ಫೈಲಿನ ವಿಳಾಸ ಇರಬೇಕು. ನಿಮ್ಮದರಲ್ಲಿ ಉದ್ದನೆಯ ಒಂದು ಸಾಲಿರುತ್ತದೆ. ಶುರುವಿನಲ್ಲಿ ವಿಂಡೋಸಿನದೇ ಆದ ಕಮಾಂಡ್ ಪ್ರಾಂಪ್ಟಿನ (ಬರೆದ ಆದೇಶಗಳನ್ನು ನಡೆಸುವ ಸಲಕರಣೆ) ಹೆಸರು, ನಡುವೆ ಅರ್ಥವಿಲ್ಲದ ಅಕ್ಷರಗಳ ಹೆಸರುಳ್ಳ ಒಂದು ಸ್ಕ್ರಿಪ್ಟ್ ಫೈಲು (ಆದೇಶಗಳ ಪಟ್ಟಿ), ಕೊನೆಯಲ್ಲಿ ನಿಮ್ಮ ನಿಜವಾದ ಫೋಲ್ಡರಿನ ಹೆಸರು. ಬಿಡಿಸಿ ಓದಿದರೆ ಇಷ್ಟೇ: "ಮೊದಲು ವೈರಸ್ಸನ್ನು ಓಡಿಸು, ಆಮೇಲೆ ಇವರು ಕೇಳಿದ ಫೋಲ್ಡರ್ ತೆರೆದು ತೋರಿಸು." ಒಂದು ವಾರ ನಿಮಗೆ ಅನುಮಾನ ಬರದಿದ್ದುದು ಇದೇ ಕಾರಣಕ್ಕೆ. ಕೇಳಿದ್ದು ಸಿಗುತ್ತಿರುವ ತನಕ ಯಾರಿಗೂ ಬರುವುದಿಲ್ಲ. ನೀವು ಮಾಡಿದ ಒಂದೊಂದು ಡಬಲ್ ಕ್ಲಿಕ್ಕೂ ಅದಕ್ಕೆ ಕೊಟ್ಟ ಅಪ್ಪಣೆಯಾಗಿತ್ತು.

ಹಾಗಾದರೆ ನಿಜವಾದ ಫೋಲ್ಡರ್ ಎಲ್ಲಿ? ಅಲ್ಲೇ ಪಕ್ಕದಲ್ಲಿ. ವೈರಸ್ಸು ಅದನ್ನು ಅಳಿಸಿಲ್ಲ. 'ಹಿಡನ್', 'ಸಿಸ್ಟಂ' ಎಂಬ ಎರಡು ಗುರುತು ಹಚ್ಚಿದೆ ಅಷ್ಟೇ. ಎರಡೂ ಒಟ್ಟಿಗಿದ್ದರೆ ವಿಂಡೋಸ್ ಅದನ್ನು ತನ್ನ ಸ್ವಂತ ಫೈಲೆಂದು ತಿಳಿದು ಬಚ್ಚಿಡುತ್ತದೆ. ಸಾಮಾನ್ಯವಾಗಿ 'ಹಿಡನ್ ಫೈಲ್ ತೋರಿಸು' ಎಂದು ಟಿಕ್ ಹಾಕಿದರೂ ಇಂಥವು ಕಾಣುವುದಿಲ್ಲ. ಫೋಲ್ಡರ್ ಆಪ್ಷನ್ಸಿನಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್' ಎಂಬ ಇನ್ನೊಂದು ಟಿಕ್ ತೆಗೆಯಬೇಕು. ತೆಗೆಯುವಾಗ ವಿಂಡೋಸ್ ಎಚ್ಚರಿಕೆ ಕೊಡುತ್ತದೆ, ಬಹಳಷ್ಟು ಜನ ಅಲ್ಲೇ ಹೆದರಿ ವಾಪಸಾಗುತ್ತಾರೆ. ಫೈಲುಗಳು ಇವೆಯೋ ಹೋದವೋ ಎಂದು ತಿಳಿಯಲು ಇಷ್ಟೂ ಬೇಕಿಲ್ಲ. ಪೆನ್‌ಡ್ರೈವಿನ ಪ್ರಾಪರ್ಟೀಸಿನಲ್ಲಿ ಎಷ್ಟು ಜಾಗ ಬಳಕೆಯಾಗಿದೆ ನೋಡಿ. ಕಣ್ಣಿಗೆ ಕಾಣುವುದು ಒಂದೆರಡು ಕೆಬಿಯ ನಾಲ್ಕು ಶಾರ್ಟ್‌ಕಟ್, ಬಳಕೆಯಾದ ಜಾಗ 11 ಜಿಬಿ ಎಂದಿದ್ದರೆ, ಆ 11 ಜಿಬಿ ಒಳಗೇ ಕುಳಿತಿದೆ.

ಇಲ್ಲೊಂದು ಕಹಿ ಮಾತು ಹೇಳಬೇಕು. ಶಾರ್ಟ್‌ಕಟ್ ತೆರೆಯುವುದು ನಿಂತ ದಿನ ನಿಮ್ಮ ಫೋಟೋಗಳು ಎಲ್ಲೂ ಹೋಗಿರಲಿಲ್ಲ. ಬಹುಶಃ ಎಲ್ಲೋ ಒಂದು ಆಂಟಿವೈರಸ್ ಪೆನ್‌ಡ್ರೈವಿನಲ್ಲಿದ್ದ ಸ್ಕ್ರಿಪ್ಟನ್ನು ಅಳಿಸಿ ಶಾರ್ಟ್‌ಕಟ್ಟುಗಳನ್ನು ಹಾಗೇ ಬಿಟ್ಟಿತ್ತು. ದಾರಿ ತೋರಿಸುವವನು ಸತ್ತ, ದಾರಿಫಲಕ ಉಳಿಯಿತು. ಫೋಟೋಗಳನ್ನು ಅಳಿಸಿದ್ದು ವೈರಸ್ಸಲ್ಲ, ಫಾರ್ಮ್ಯಾಟ್.

ಅವು ಸಿಗಬಹುದೇ ಎಂದರೆ, ನೀವು ಯಾವ ಫಾರ್ಮ್ಯಾಟ್ ಮಾಡಿದಿರಿ ಎಂಬುದರ ಮೇಲೆ ನಿಂತಿದೆ. 'ಕ್ವಿಕ್ ಫಾರ್ಮ್ಯಾಟ್' ಎಂಬ ಟಿಕ್ ಮೊದಲೇ ಇರುತ್ತದೆ, ಬಹಳ ಜನ ಅದನ್ನು ಮುಟ್ಟುವುದಿಲ್ಲ. ಹಾಗಿದ್ದರೆ ಅಳಿಸಿಹೋಗಿದ್ದು ಪುಸ್ತಕದ ಪರಿವಿಡಿ ಮಾತ್ರ, ಪುಟಗಳು ಉಳಿದಿರುತ್ತವೆ, ರಿಕವರಿ ಸಾಫ್ಟ್‌ವೇರಿನಿಂದ ಒಂದಷ್ಟು ಎತ್ತಬಹುದು. ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ ಆಸೆ ಬಿಡಿ. ವಿಂಡೋಸ್ ವಿಸ್ಟಾ ಕಾಲದಿಂದ ಈಚೆಗೆ ವಿಂಡೋಸಿನ ಪೂರ್ತಿ ಫಾರ್ಮ್ಯಾಟ್ ಎಲ್ಲ ಪುಟಗಳ ಮೇಲೂ ಸೊನ್ನೆ ಬರೆಯುತ್ತದೆ. ಕ್ವಿಕ್ ಆಗಿದ್ದರೂ ಆಮೇಲೆ ನೀವು ಹೊಸ ಫೈಲು ತುಂಬಿದಷ್ಟೂ ಹಳೆಯವು ಸಿಗುವ ಸಂಭವ ಕಡಿಮೆಯಾಗುತ್ತ ಹೋಗಿರುತ್ತದೆ. ಆದ್ದರಿಂದ ಹಳೆಯ ಪೆನ್‌ಡ್ರೈವನ್ನು ಇವತ್ತಿನಿಂದ ಯಾವುದಕ್ಕೂ ಬಳಸದೆ ಎತ್ತಿಡಿ. ಲ್ಯಾಪ್‌ಟಾಪ್ ಶುದ್ಧವಾದ ಮೇಲೆ ರಿಕವರಿಗೆ ಪ್ರಯತ್ನಿಸೋಣ. ಸಿಕ್ಕಿದ್ದನ್ನು ಅದೇ ಪೆನ್‌ಡ್ರೈವಿಗೆ ಉಳಿಸಬೇಡಿ, ಬೇರೆ ಕಡೆಗೆ ಉಳಿಸಿ.

ಈಗ, ಹಾಕಿದ ಮಾತ್ರಕ್ಕೆ ವೈರಸ್ ಬರುತ್ತದೆಯೇ ಎಂಬ ಪ್ರಶ್ನೆ. ಒಂದು ಕಾಲದಲ್ಲಿ ಬರುತ್ತಿತ್ತು, ಜನರ ಭಯ ಆ ಕಾಲದ್ದು. ಡಿಸ್ಕಿನ ಮೂಲಕ ರೋಗ ಹರಡುವುದು ಪೆನ್‌ಡ್ರೈವಿಗಿಂತ ಹಳೆಯದು. ಐಬಿಎಂ ಪಿಸಿಗಳ ಮೊದಲ ವೈರಸ್ ಎನ್ನುವ 'ಬ್ರೇನ್' 1986ರಲ್ಲಿ ಹರಡಿದ್ದೇ ಫ್ಲಾಪಿಗಳ ಮೇಲೆ ಕುಳಿತು. ಆಮೇಲೆ ವಿಂಡೋಸ್ 95 ಆಟೋರನ್ ಎಂಬ ಸೌಕರ್ಯ ತಂದಿತು. ಸಿಡಿ ಹಾಕಿದೊಡನೆ ಅದರಲ್ಲಿರುವ ಒಂದು ಚಿಕ್ಕ ಪಠ್ಯ ಫೈಲನ್ನು ಓದಿ, ಅದು ಹೇಳಿದ ಪ್ರೋಗ್ರಾಮನ್ನು ತಾನಾಗಿ ಶುರು ಮಾಡುವ ವ್ಯವಸ್ಥೆ. ಕಾರ್ಖಾನೆಯಲ್ಲಿ ಅಚ್ಚಾಗಿ ಬರುವ ಸಿಡಿಗೆ ಅದು ಸರಿ. ಯಾರು ಬೇಕಾದರೂ ಬರೆಯಬಹುದಾದ ಪೆನ್‌ಡ್ರೈವಿಗೂ ಅದೇ ಉಪಚಾರ ಸಿಕ್ಕಿದ್ದು ಅನಾಹುತಕ್ಕೆ ದಾರಿಯಾಯಿತು. 2008ರ ನವೆಂಬರಿನಲ್ಲಿ ಹೊರಬಿದ್ದ ಕಾನ್‌ಫಿಕರ್ ವರ್ಮ್ (ತಾನಾಗಿಯೇ ಹರಡುವ ವೈರಸ್) ಮುಂದಿನ ಅವತಾರದಲ್ಲಿ ಪೆನ್‌ಡ್ರೈವನ್ನೂ ಹಿಡಿಯಿತು. ಪೆನ್‌ಡ್ರೈವ್ ಹಾಕಿದಾಗ ಏನು ಮಾಡಲಿ ಎಂದು ವಿಂಡೋಸ್ ಕೇಳುತ್ತದಲ್ಲ, ಆ ಪಟ್ಟಿಯ ತುದಿಯಲ್ಲಿ ಫೋಲ್ಡರಿನ ಚಿತ್ರವೇ ಇರುವ, 'ಫೋಲ್ಡರ್ ತೆರೆದು ಫೈಲ್ ನೋಡಿ' ಎಂದೇ ಬರೆದ ತನ್ನದೊಂದು ಸಾಲನ್ನು ಅದು ಸೇರಿಸುತ್ತಿತ್ತು. ಕೆಳಗೆ ಅದೇ ಮಾತಿನ ಅಸಲಿ ಸಾಲೂ ಇರುತ್ತಿತ್ತು. ಯಾವುದನ್ನು ಒತ್ತುತ್ತೀರಿ ಹೇಳಿ? ಮೇಲಿನದನ್ನೇ.

2009ರ ವಿಂಡೋಸ್ 7ರಲ್ಲಿ ಪೆನ್‌ಡ್ರೈವಿಗೆ ಆಟೋರನ್ ಸೌಲಭ್ಯ ತೆಗೆದುಹಾಕಿದರು. 2011ರ ಫೆಬ್ರವರಿಯಲ್ಲಿ ಎಕ್ಸ್‌ಪಿ, ವಿಸ್ಟಾಗಳಿಗೂ ಅಪ್‌ಡೇಟ್ ಮೂಲಕ ಆ ಬಾಗಿಲು ಮುಚ್ಚಿತು. ಹಾಗಾಗಿ ಇಂದಿನ ವಿಂಡೋಸಿನಲ್ಲಿ ಪೆನ್‌ಡ್ರೈವ್ ಹಾಕಿದ್ದಷ್ಟಕ್ಕೇ ಸಾಮಾನ್ಯ ವೈರಸ್ ಒಳಗೆ ಬರುವುದಿಲ್ಲ, ನೀವು ಏನನ್ನಾದರೂ ಕ್ಲಿಕ್ ಮಾಡಲೇಬೇಕು. ಬಾಗಿಲು ಮುಚ್ಚಿದ ಮೇಲೆ ವೈರಸ್ ಬರೆಯುವವರು ಬಾಗಿಲು ತೆರೆಯುವ ಕೆಲಸವನ್ನು ನಿಮ್ಮ ಕೈಯಿಂದಲೇ ಮಾಡಿಸತೊಡಗಿದರು. ನಿಮ್ಮ ಬಾಣದ ಗುರುತಿನ ಫೋಲ್ಡರ್ ಆ ಸಂತಾನದ್ದು. ಪೆನ್‌ಡ್ರೈವಿನಲ್ಲಿ ಆಟೋರನ್ ಹೆಸರಿನ ಖಾಲಿ ಫೋಲ್ಡರ್ ಮಾಡಿಟ್ಟರೆ ವೈರಸ್ ಬರುವುದಿಲ್ಲ ಎಂಬ 'ಲಸಿಕೆ'ಯನ್ನು ಈಗಲೂ ಕೆಲವರು ಹೇಳಿಕೊಡುತ್ತಾರೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಬೀಗ ಅದು, ಶಾರ್ಟ್‌ಕಟ್ ವೈರಸ್ಸಿಗೆ ಅದರ ಗೊಡವೆಯೇ ಇಲ್ಲ. 'ಸೇಫ್ಲಿ ರಿಮೂವ್' ಮಾಡಿ ತೆಗೆದರೆ ವೈರಸ್ ತಗಲುವುದಿಲ್ಲ ಎನ್ನುವುದೂ ಇದೇ ಜಾತಿಯ ಮಾತು. ಅದು ಬರೆಯುವ ಕೆಲಸ ಅರ್ಧಕ್ಕೆ ನಿಂತು ಫೈಲ್ ಕೆಡದಂತೆ ಕಾಯುತ್ತದೆ, ವೈರಸ್ಸಿನಿಂದಲ್ಲ.

ಅಪವಾದಗಳಿಲ್ಲವೇ? ಇವೆ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್‌ಗೆ ಕ್ಲಿಕ್ಕೂ ಬೇಕಿರಲಿಲ್ಲ. ಶಾರ್ಟ್‌ಕಟ್ಟಿನ ಚಿತ್ರ ತೆರೆಯ ಮೇಲೆ ಮೂಡಿದರೆ ಸಾಕಿತ್ತು. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಯಂತ್ರಗಳನ್ನು ಅದು ಕೆಡಿಸಿತು. ವಿಂಡೋಸಿನ ಆ ಬಿರುಕನ್ನು ಅದೇ ವರ್ಷದ ಆಗಸ್ಟಿನಲ್ಲಿ ಮುಚ್ಚಲಾಯಿತು. ಅಪ್‌ಡೇಟ್ ಮುಂದೂಡಬೇಡಿ ಎಂದು ನಾವು ಬಡಿದುಕೊಳ್ಳುವುದು ಇಂಥವುಗಳಿಗಾಗಿ. ಇನ್ನೊಂದು ಅಪವಾದಕ್ಕೆ ನಿಮ್ಮ ಇನ್ನೊಂದು ಪ್ರಶ್ನೆಯೂ ಅಂಟಿಕೊಂಡಿದೆ: ಫಾರ್ಮ್ಯಾಟ್‌ಗೂ ಸಾಯದ ವೈರಸ್ ಇದೆಯೇ ಎಂಬುದು. ಯುಎಸ್‌ಬಿ ಸಾಧನದೊಳಗೆ ಮೆಮೊರಿಯ ಜೊತೆ ಒಂದು ಪುಟ್ಟ ನಿಯಂತ್ರಕ ಚಿಪ್ ಇರುತ್ತದೆ, ಅದಕ್ಕೆ ಅದರದೇ ಪ್ರೋಗ್ರಾಮ್ ಇರುತ್ತದೆ. ಕೆಲವು ಚಿಪ್ಪುಗಳಲ್ಲಿ ಅದನ್ನೇ ಬದಲಿಸಿಬಿಡಬಹುದು ಎಂದು 2014ರಲ್ಲಿ ಭದ್ರತಾ ಸಂಶೋಧಕರಾದ ಕಾರ್ಸ್ಟೆನ್ ನೋಲ್ ಮತ್ತು ಯಾಕೋಬ್ ಲೆಲ್ ತೋರಿಸಿದರು. 'ಬ್ಯಾಡ್ ಯುಎಸ್‌ಬಿ' ಎಂದು ಅದಕ್ಕೆ ಹೆಸರು. ಅಂಥ ಪೆನ್‌ಡ್ರೈವ್ ಕಂಪ್ಯೂಟರಿನ ಮುಂದೆ "ನಾನು ಕೀಬೋರ್ಡ್" ಎಂದು ಪರಿಚಯ ಹೇಳಿಕೊಂಡು ತಾನೇ ಟೈಪ್ ಮಾಡತೊಡಗುತ್ತದೆ. ಫಾರ್ಮ್ಯಾಟ್ ಮೆಮೊರಿಯನ್ನು ತೊಳೆಯುತ್ತದೆ, ಚಿಪ್ಪನ್ನು ಮುಟ್ಟುವುದಿಲ್ಲ. ಆದರೆ ಇದು ಯಾರೋ ಒಬ್ಬರನ್ನು ಗುರಿಯಿಟ್ಟು ಮಾಡುವ ಕೆಲಸ. ಪ್ರಿಂಟ್ ತೆಗೆಸಲು ಹೋದಾಗ ಅಂಟಿಕೊಳ್ಳುವ ರೋಗ ಇದಲ್ಲ, ನಿಮಗೆ ಬಂದಿರುವುದೂ ಇದಲ್ಲ. ನಿಮ್ಮ ಪೆನ್‌ಡ್ರೈವಿನ ಮಟ್ಟಿಗೆ ಕ್ವಿಕ್ ಫಾರ್ಮ್ಯಾಟ್ ಧಾರಾಳವಾಗಿ ಸಾಕು.

ದಾರಿಯಲ್ಲಿ ಬಿದ್ದು ಸಿಕ್ಕಿದ ಪೆನ್‌ಡ್ರೈವಿನ ಲೆಕ್ಕ ಮಾತ್ರ ಬೇರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವುಗಳನ್ನು ಬೇಕೆಂದೇ ಅಲ್ಲಲ್ಲಿ ಬೀಳಿಸಿ ನೋಡಿದರು, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಕನಿಷ್ಠ 45 ಶೇಕಡಾ ಪೆನ್‌ಡ್ರೈವುಗಳಲ್ಲಿದ್ದ ಫೈಲನ್ನು ಯಾರೋ ತೆರೆದಿದ್ದರು. ಮೊದಲನೆಯದು ಆರು ನಿಮಿಷದೊಳಗೇ ಕಂಪ್ಯೂಟರಿಗೆ ಏರಿತ್ತು.

ನಿಮ್ಮ ಆಂಟಿವೈರಸ್ ಏಕೆ ಸುಮ್ಮನಿತ್ತು? ಅವಧಿ ಮುಗಿದದ್ದು ಒಂದು ಕಾರಣ. ಹೊಸ ವೈರಸ್ಸುಗಳ ಗುರುತು ಸಿಗದ ಆಂಟಿವೈರಸ್, ಇದೆ ಎಂಬ ಧೈರ್ಯವನ್ನಷ್ಟೇ ಕೊಡುತ್ತದೆ, ನನ್ನ ಲೆಕ್ಕದಲ್ಲಿ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು. ಆದರೆ ಅಷ್ಟೇ ಅಲ್ಲ. ಈ ಜಾತಿಯ ವೈರಸ್ ತನ್ನದೆಂದು ದೊಡ್ಡ ಪ್ರೋಗ್ರಾಮ್ ತರುವುದಿಲ್ಲ. ವಿಂಡೋಸಿನಲ್ಲೇ ಇರುವ ಕಮಾಂಡ್ ಪ್ರಾಂಪ್ಟ್, ಸ್ಕ್ರಿಪ್ಟ್ ಓಡಿಸುವ ಸಲಕರಣೆಗಳಿಂದಲೇ ಕೆಲಸ ಮಾಡಿಸುತ್ತದೆ. ಮನೆಯವರ ಕೈಯಿಂದಲೇ ಕಳ್ಳತನ ಮಾಡಿಸಿದರೆ ಕಾವಲುಗಾರ ಯಾರನ್ನು ಹಿಡಿಯಬೇಕು? ಇನ್ನೂ ಒಂದು ಸೂಕ್ಷ್ಮವಿದೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಫೈಲಿಗೆ ವಿಂಡೋಸ್ 'ಇದು ಹೊರಗಿನದು' ಎಂಬ ಕಾಣದ ಚೀಟಿ ಅಂಟಿಸುತ್ತದೆ. ಅದನ್ನು ತೆರೆಯಹೋದಾಗ ಬರುವ ಎಚ್ಚರಿಕೆಗಳಿಗೆಲ್ಲ ಆ ಚೀಟಿಯೇ ಆಧಾರ. ಹೆಚ್ಚಿನ ಪೆನ್‌ಡ್ರೈವುಗಳು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಎಂಬ, ಫೈಲುಗಳನ್ನು ಜೋಡಿಸಿಡುವ ಮಾದರಿಯಲ್ಲಿರುತ್ತವೆ, ಆ ಚೀಟಿಯನ್ನು ಇಟ್ಟುಕೊಳ್ಳುವ ಜಾಗ ಅವುಗಳಲ್ಲಿಲ್ಲ. ಹಾಗಾಗಿ ಇಂಟರ್ನೆಟ್ಟಿನಿಂದ ಬಂದಿದ್ದರೆ ಎಚ್ಚರಿಸುತ್ತಿದ್ದ ಫೈಲೇ ಪೆನ್‌ಡ್ರೈವಿನಿಂದ ಬಂದಾಗ ತುಟಿ ಬಿಚ್ಚುವುದಿಲ್ಲ.

ಚಿಕಿತ್ಸೆ ಹೀಗಿರಲಿ, ಇಲ್ಲಿ ಕ್ರಮ ಮುಖ್ಯ. ಎರಡೂ ಪೆನ್‌ಡ್ರೈವುಗಳನ್ನು ತೆಗೆದಿಡಿ. ಅವಧಿ ಮುಗಿದ ಆಂಟಿವೈರಸ್ಸನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಗ ವಿಂಡೋಸಿನ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಕೆಲಸಕ್ಕೆ ಬರುತ್ತದೆ. ಮನೆಬಳಕೆಗೆ ಅದು ಸಾಕು, ಇದು ನನ್ನ ಖಚಿತ ಅಭಿಪ್ರಾಯ. ಅಪ್‌ಡೇಟ್ ಮಾಡಿ. ಆಮೇಲೆ ಮಾಮೂಲಿ ಸ್ಕ್ಯಾನ್ ಬೇಡ, 'ಆಫ್‌ಲೈನ್ ಸ್ಕ್ಯಾನ್' ಆರಿಸಿಕೊಳ್ಳಿ. ಅದರಲ್ಲಿ ಲ್ಯಾಪ್‌ಟಾಪ್ ಮರುಶುರುವಾಗಿ, ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ವೈರಸ್ಸಿಗೆ ಎಚ್ಚರವಾಗಿ ಅಡಗಿಕೊಳ್ಳಲು ಅವಕಾಶ ಸಿಗುವುದಿಲ್ಲ. ಸುಮಾರು 15 ನಿಮಿಷದ ಕೆಲಸ. ಪೂರ್ತಿ ಸ್ಕ್ಯಾನ್ ಕೊಟ್ಟರೂ ಪೆನ್‌ಡ್ರೈವ್ ಅದರಲ್ಲಿ ಸೇರಿರುತ್ತದೆಂದು ನಂಬಬೇಡಿ, ಆಮೇಲೆ ಅದನ್ನು ಬೇರೆಯಾಗಿಯೇ ಸ್ಕ್ಯಾನ್ ಮಾಡಿ.

ವಾಸಿಯಾಯಿತೆಂದು ತಿಳಿಯುವುದು ಹೇಗೆ? ಸ್ಕ್ಯಾನ್ ಹಸಿರು ಟಿಕ್ ತೋರಿಸಿದರೆ ಮುಗಿಯಲಿಲ್ಲ. ನಾನು ಮಾಡುವ ಪರೀಕ್ಷೆ ಹೇಳುತ್ತೇನೆ. ಹೊಸ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ 'ಒಂದು', 'ಎರಡು' ಎಂದು ಎರಡು ಫೋಲ್ಡರ್ ಮಾಡಿ, ಎರಡರಲ್ಲೂ ಒಂದೊಂದು ಫೋಟೋ ಹಾಕಿ. ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ, ಪೆನ್‌ಡ್ರೈವ್ ಹಾಕಿ ಹತ್ತು ನಿಮಿಷ ಸುಮ್ಮನೆ ಬಿಡಿ. ಇಂಥ ವೈರಸ್ಸು ಹೊಸ ಡ್ರೈವ್ ಬಂತೇ ಎಂದು ಕಾಯುತ್ತಲೇ ಇರುತ್ತದೆ. ನನ್ನ ಮೇಜಿನ ಮೇಲೆ ರೋಗ ಹಿಡಿದ ಒಂದು ಹಳೇ ಯಂತ್ರದಲ್ಲಿ ಹೀಗೇ ಹಾಕಿ ನೋಡುತ್ತಿದ್ದಾಗ, ಕಣ್ಣೆದುರೇ 'ಒಂದು' ಮಾಯವಾಗಿ ಅದೇ ಜಾಗದಲ್ಲಿ ಬಾಣದ 'ಒಂದು' ಬಂದು ಕುಳಿತಿತ್ತು. ಹತ್ತು ನಿಮಿಷವಲ್ಲ, ಹತ್ತು ಸೆಕೆಂಡೂ ಆಗಿರಲಿಲ್ಲ. ಪೆನ್‌ಡ್ರೈವ್ ತೆಗೆದು ಓಟಿಜಿ ಕನೆಕ್ಟರ್ (ಪೆನ್‌ಡ್ರೈವನ್ನು ಫೋನಿಗೆ ಜೋಡಿಸುವ ಪುಟ್ಟ ಕೊಂಡಿ) ಮೂಲಕ ಆಂಡ್ರಾಯ್ಡ್ ಫೋನಿಗೆ ಹಾಕಿ ನೋಡಿ. ವಿಂಡೋಸಿನ 'ಹಿಡನ್' ಗುರುತನ್ನು ಫೋನು ಲೆಕ್ಕಕ್ಕಿಡುವುದಿಲ್ಲ. ಬಚ್ಚಿಟ್ಟ ಫೋಲ್ಡರೂ, ಶಾರ್ಟ್‌ಕಟ್ಟೂ, ಅದರ ಬಾಲದಂತಿರುವ 'ಎಲ್‌ಎನ್‌ಕೆ' ಅಕ್ಷರಗಳೂ ಅಕ್ಕಪಕ್ಕದಲ್ಲಿ ಬೆತ್ತಲೆಯಾಗಿ ಕಾಣುತ್ತವೆ. 'ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್' ಎಂಬ ಫೋಲ್ಡರ್ ಕಂಡರೆ ಗಾಬರಿಯಾಗಬೇಡಿ, ಅದು ವಿಂಡೋಸ್ ತಾನೇ ಮಾಡಿಕೊಳ್ಳುವಂಥದ್ದು. ಬಚ್ಚಿಟ್ಟ ಫೋಲ್ಡರಿನೊಳಗಿನ ಫೋಟೋ, ಪಿಡಿಎಫ್‌ಗಳನ್ನು ಉಳಿಸಿಕೊಳ್ಳಲೂ ಫೋನೇ ಸುಲಭದ ದಾರಿ. ಅವುಗಳನ್ನಷ್ಟೇ ನಕಲು ಮಾಡಿ, ಗುರುತಿಲ್ಲದ ಬಾಲದ ಫೈಲುಗಳನ್ನು ಅಲ್ಲೇ ಬಿಡಿ.

ಪರೀಕ್ಷೆಯಲ್ಲಿ ಮತ್ತೆ ಬಾಣ ಬಂದರೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡುತ್ತ ಕೂರಬೇಡಿ. ವಿಂಡೋಸಿನ ರೀಸೆಟ್‌ನಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆಗೆ ಹೋಗಿ. ಫೈಲುಗಳನ್ನು ಇಟ್ಟುಕೊಂಡು ರೀಸೆಟ್ ಮಾಡುವ ಆಯ್ಕೆಯೂ ಇದೆ, ಆಕರ್ಷಕವಾಗಿಯೂ ಕಾಣುತ್ತದೆ. ಆದರೆ ನಿಮ್ಮ ಫೋಲ್ಡರುಗಳ ನಡುವೆ ಬೀಜ ಉಳಿದಿದ್ದರೆ ಅದೂ ಉಳಿದುಕೊಳ್ಳುತ್ತದೆ. ಪೂರ್ತಿ ಅಳಿಸುವುದರ ಅಪಾಯ ನಿಮಗೆ ಗೊತ್ತೇ ಇದೆ: ಮೊದಲು ದಾಖಲೆ, ಫೋಟೋಗಳ ನಕಲು ತೆಗೆದಿಡದಿದ್ದರೆ ಹಳೆಯ ಕಥೆಯೇ ಮರುಕಳಿಸುತ್ತದೆ.

ಬ್ಯಾಂಕಿನ ವಿಚಾರದಲ್ಲಿ ನಿಮ್ಮ ಭಯ ಅತಿಯಲ್ಲ. ಹರಡುವುದಷ್ಟನ್ನೇ ಮಾಡುವ ವೈರಸ್ಸುಗಳಿವೆ, ಹರಡಿದ ಮೇಲೆ ಬೇರೆಯವರನ್ನು ಕರೆತರುವವೂ ಇವೆ. 2021ರಲ್ಲಿ ಪತ್ತೆಯಾದ ರಾಸ್ಪ್‌ಬೆರಿ ರಾಬಿನ್ ಎಂಬುದು ನಿಮ್ಮದರಂತೆಯೇ ಪೆನ್‌ಡ್ರೈವಿನ ಶಾರ್ಟ್‌ಕಟ್ ಮೂಲಕ ಹರಡುವಂಥದ್ದು. ಮೊದಮೊದಲು ಅದರ ಉದ್ದೇಶವೇ ಅರ್ಥವಾಗಿರಲಿಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಗುಂಪುಗಳಿಗೆ ಅದು ಬಾಗಿಲು ತೆರೆದುಕೊಡುತ್ತಿದೆ ಎಂದು 2022ರಲ್ಲಿ ಮೈಕ್ರೋಸಾಫ್ಟ್ ಹೇಳಿತು. ಪ್ಲಗ್‌ಎಕ್ಸ್ ಎಂಬ, ಪೆನ್‌ಡ್ರೈವ್ ಮೂಲಕವೂ ಹರಡಿ ಮಾಹಿತಿ ಕದಿಯುವ ಇನ್ನೊಂದರ ಕಥೆ ಕೇಳಿ: ಅಮೆರಿಕದ ನ್ಯಾಯ ಇಲಾಖೆ ಕೋರ್ಟಿನ ಅನುಮತಿ ಪಡೆದು 4,200ಕ್ಕೂ ಹೆಚ್ಚು ಕಂಪ್ಯೂಟರುಗಳಿಂದ ಅದನ್ನು ದೂರದಿಂದಲೇ ಅಳಿಸಿಹಾಕಿದ್ದಾಗಿ 2025ರ ಜನವರಿಯಲ್ಲಿ ತಿಳಿಸಿತು. ಹೆಚ್ಚಿನ ಯಜಮಾನರಿಗೆ ತಮ್ಮ ಯಂತ್ರಕ್ಕೆ ರೋಗವಿದ್ದುದೇ ಗೊತ್ತಿರಲಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಶುದ್ಧವಾಗುವವರೆಗೆ ಅದರಲ್ಲಿ ಬ್ಯಾಂಕಿನ ಕೆಲಸ ಬೇಡ. ಬ್ಯಾಂಕು ಮತ್ತು ಇಮೇಲಿನ ಪಾಸ್‌ವರ್ಡ್‌ಗಳನ್ನು ಇವತ್ತೇ ಫೋನಿನಿಂದ ಬದಲಾಯಿಸಿ. ಲ್ಯಾಪ್‌ಟಾಪಿನಿಂದ ಬದಲಾಯಿಸಿದರೆ ಹೊಸ ಕೀಲಿಯನ್ನೂ ಕಳ್ಳನ ಕೈಗೇ ಕೊಟ್ಟಂತಾದೀತು. ಖಾತೆಯ ವಹಿವಾಟಿನ ಪಟ್ಟಿಯನ್ನು ಎರಡು ತಿಂಗಳು ಹಿಂದಕ್ಕೆ ನೋಡಿ. ಈ ಅವಧಿಯಲ್ಲಿ ನಿಮ್ಮ ಪೆನ್‌ಡ್ರೈವನ್ನು ಯಾರ್ಯಾರ ಯಂತ್ರಕ್ಕೆ ಹಾಕಿದ್ದಿರೋ ಅವರಿಗೂ ಒಂದು ಮಾತು ಹೇಳಿಬಿಡಿ. ಮುಜುಗರವಾಗುತ್ತದೆ ನಿಜ, ಆದರೆ ಹೇಳದಿದ್ದರೆ ಅವರಿಂದಲೇ ನಿಮಗೆ ವಾಪಸ್ ಬರುತ್ತದೆ.

ಪೆನ್‌ಡ್ರೈವುಗಳನ್ನು ಎಸೆಯಬೇಕಿಲ್ಲ. ಹೊರಗೆ ಒಯ್ಯುವುದಕ್ಕೆ ಒಂದು, ಮನೆಗೆ ಒಂದು ಎಂದು ಬೇರೆ ಮಾಡಿಕೊಳ್ಳಿ. ಹೊರಗಿನದರಲ್ಲಿ ಆ ದಿನ ಬೇಕಾದ ಫೈಲು ಬಿಟ್ಟು ಬೇರೇನೂ ಇರಬಾರದು. ವಾಪಸ್ ಬಂದ ಮೇಲೆ ಅದನ್ನು ತೆರೆದು ನೋಡುವ ಗೋಜಿಗೇ ಹೋಗದೆ ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್ ಮಾಡಿಬಿಡಿ. ಏನೂ ಇಲ್ಲದ ಪೆನ್‌ಡ್ರೈವನ್ನು ಅಳಿಸಲು ಯಾರಿಗೂ ಕೈ ನಡುಗುವುದಿಲ್ಲ. ಬರೆಯದಂತೆ ತಡೆಯುವ ಸ್ವಿಚ್ ಇರುವ ಪೆನ್‌ಡ್ರೈವುಗಳೂ ಸಿಗುತ್ತವೆ. ಸ್ವಿಚ್ ಹಾಕಿ ಕೊಟ್ಟರೆ ಅಲ್ಲಿನ ಯಂತ್ರಕ್ಕೆ ಎಂಥ ರೋಗವಿದ್ದರೂ ಇದಕ್ಕೆ ಹತ್ತದು. ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಜಾರುಗುಂಡಿಯನ್ನು ಮಾತ್ರ ಅದೇ ಎಂದು ನಂಬಬೇಡಿ. ಅದು ಕಾರ್ಡನ್ನು ಓದುವ ಯಂತ್ರಕ್ಕೆ ಮಾಡಿಕೊಳ್ಳುವ ವಿನಂತಿ, ಬೀಗವಲ್ಲ. ಇಮೇಲಿನಲ್ಲಿ ಕಳಿಸಿ ಪ್ರಿಂಟ್ ತೆಗೆಸಿದರೆ ಪೆನ್‌ಡ್ರೈವಿನ ತಾಪತ್ರಯವೇ ಇಲ್ಲ, ಆದರೆ ನಿಮ್ಮ ದಾಖಲೆ ಇನ್ನೊಬ್ಬರ ಇನ್‌ಬಾಕ್ಸಿನಲ್ಲಿ ಉಳಿಯುತ್ತದೆ. ಗುರುತಿನ ಚೀಟಿಯಂಥದ್ದಾದರೆ ನಾನು ಪೆನ್‌ಡ್ರೈವನ್ನೇ ಆರಿಸಿಕೊಳ್ಳುತ್ತೇನೆ. ಬ್ಯಾಕಪ್ ಇಟ್ಟುಕೊಂಡಿರುವ ದೊಡ್ಡ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ಈ ಲ್ಯಾಪ್‌ಟಾಪಿನ ಹತ್ತಿರಕ್ಕೂ ತರಬೇಡಿ. ಮುಂದೆಯೂ ನಕಲು ತೆಗೆಯುವ ಹೊತ್ತು ಬಿಟ್ಟು ಉಳಿದಂತೆ ಕಳಚಿಟ್ಟಿರಿ.

ಇನ್ನು ಟಿವಿ. ಹಾಕಿ, ಏನೂ ಆಗುವುದಿಲ್ಲ. ನಿಮ್ಮ ವೈರಸ್ಸು ವಿಂಡೋಸಿನ ಭಾಷೆಯಲ್ಲಿ ಬರೆದದ್ದು, ಟಿವಿಗೆ ಆ ಭಾಷೆ ಬರದು. ಮ್ಯಾಕ್, ಲಿನಕ್ಸ್ ಕಂಪ್ಯೂಟರುಗಳಿಗೂ ಬರದು. ಆದರೆ ಅವು ಯಾವುವೂ ಅದನ್ನು ಅಳಿಸುವುದಿಲ್ಲ. ಟಿವಿಯಲ್ಲಿ ಸಿನಿಮಾ ನೋಡಿ ಅದೇ ಪೆನ್‌ಡ್ರೈವನ್ನು ಮರುದಿನ ಇನ್ನೊಬ್ಬರ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ ಬಾಣಗಳು ಇದ್ದ ಹಾಗೇ ಇರುತ್ತವೆ.